ಐವತ್ತು ಜನಕ್ಕೆ ಆಳೆತ್ತರದ ಸ್ಪೀಕರ್ ಯಾಕೆ?

ಭಾನುವಾರ ಮಧ್ಯಾಹ್ನ ತತ್ವಪದ, ಜೊತೆಗೆ ಕವಿತೆ ಓದು ಇದೆ ಅಂತ ಆಸೆಯಿಂದ ಹೋಗಿದ್ದೆ. ಪುಟ್ಟ ಹಾಲ್, ಐವತ್ತು ಜನ ಇದ್ದರೆ ಜಾಸ್ತಿ. ಅಷ್ಟಕ್ಕೆ ಆಳೆತ್ತರದ ಎರಡು ಸ್ಪೀಕರ್, ಮೇಲೆ ಎಕೋ ಬೇರೆ!

ಏಕತಾರಿಗೆ ಇರುವುದು ಒಂದೇ ತಂತಿ. ಅದು ಶ್ರುತಿ ಹಿಡಿದು ಹಿಂದೆ ನಿಲ್ಲಬೇಕು, ಪದ ಮುಂದೆ ಬರಬೇಕು. ಇಲ್ಲಿ ದಮ್ಮಡಿ ಎಂಬ ಚರ್ಮವಾದ್ಯದ ಪೆಟ್ಟು ಕಿವಿಗೆ ಬಡಿಯುತ್ತಿತ್ತು, ತಾಳದ ಸದ್ದು ಕೊರೆಯುತ್ತಿತ್ತು, ಒಂದು ಸಾಲೂ ಅರ್ಥವಾಗಲಿಲ್ಲ. ತತ್ವಪದದಲ್ಲಿ ಮಾತೇ ಕೇಳದಿದ್ದರೆ ಉಳಿಯುವುದೇನು? ಒಗಟಿನಂಥ ಸಾಲುಗಳು ಅವು, ಒಂದು ಪದ ತಪ್ಪಿದರೂ ಎಳೆ ಕೈತಪ್ಪುತ್ತದೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳು ಊರಿಂದ ಊರಿಗೆ ಹೋಗಿದ್ದು ಬಾಯಿಂದ ಬಾಯಿಗೆ, ಮೈಕಿನಿಂದಲ್ಲ.

ಕವಿತೆ ಓದಿದ ಹುಡುಗಿಯ ಪಾಡು ಇನ್ನೂ ಕಷ್ಟ. ಮೆಲ್ಲಗೆ ಓದುತ್ತಿದ್ದಳು, ಪ್ರತಿ ಸಾಲಿನ ಕೊನೆ ಎರಡೆರಡು ಸಲ ಕೇಳುತ್ತಿತ್ತು. ಎದ್ದು ಹೋಗಿ ಸೌಂಡ್ ಕಡಿಮೆ ಮಾಡಿ ಅಂದರೆ, "ಹಿಂದಿನವರಿಗೂ ಕೇಳಬೇಕಲ್ವಾ ಸಾರ್" ಅಂದರು. ಹಿಂದೆ ಅಂದರೆ ಆರನೇ ಸಾಲು! ದಯವಿಟ್ಟು ಆ ಮೈಕ್ ಆಫ್ ಮಾಡಿ. ನಾವು ಸುಮ್ನೆ ಕೂತು ಕೇಳುತ್ತೇವೆ.