ತಿಂಡಿ ಮುಗಿಸಿ ಬಂದವರಿಗೆ ಸೇತುವೆ ಸಿಗಲ್ಲ

ಪ್ರವಾಸ ಹೊರಟ ಬೆಂಗಳೂರಿನ ಕುಟುಂಬ ಹೋಟೆಲಿನಲ್ಲಿ ಮೊದಲು ಕೇಳುವುದು ತಿಂಡಿ ಎಷ್ಟು ಗಂಟೆಗೆ ಅಂತ. ಎಂಟೂವರೆಗೆ ಪೂರಿ, ಒಂಬತ್ತಕ್ಕೆ ಎರಡನೇ ಕಾಫಿ, ಅತ್ತೆಯವರ ಮಾತ್ರೆ, ಹತ್ತಕ್ಕೆ ಗಾಡಿ. ಊಟಿಯಲ್ಲಿ ಇದು ನಡೆಯುತ್ತೆ. ಅಂಡಮಾನಿನ ನೀಲ್ ದ್ವೀಪದಲ್ಲಿ ನಡೆಯಲ್ಲ. (2018ರಿಂದ ಅದು ಶಹೀದ್ ದ್ವೀಪ. ಪ್ರವಾಸಿಗರ ಬಾಯಲ್ಲಿ ಇನ್ನೂ ನೀಲೇ.)

ಮೊದಲ ತಕರಾರು ಸೂರ್ಯನದು. ಈ ದ್ವೀಪ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಸೂರ್ಯ ಅಲ್ಲಿ ಒಂದು ಗಂಟೆ ಮುಂದಿದ್ದಾನೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಐದು ದಾಟುತ್ತಲೇ ಮುಳುಗಿಬಿಡುತ್ತಾನೆ. ಬಜ್ಜಿ, ಟೀ ಮುಗಿಸಿ ಆರಕ್ಕೆ ಲಕ್ಷ್ಮಣಪುರದ ಬೀಚಿಗೆ ಸೂರ್ಯಾಸ್ತ ನೋಡಲು ಬಂದವರು ಟಾರ್ಚ್ ಹಾಕಿಕೊಂಡು ಚಪ್ಪಲಿ ಹುಡುಕುತ್ತಿರುತ್ತಾರೆ.

ಎರಡನೆಯದು ಚಂದ್ರನದು, ಅದು ಇನ್ನೂ ಕಷ್ಟ. ಅಲೆ ಕೊರೆದು ಉಳಿಸಿದ ಕಲ್ಲಿನ ಕಮಾನೊಂದು ಇಲ್ಲಿದೆ, ಇಲ್ಲಿನ ಬಂಗಾಳಿಗಳ ಬಾಯಲ್ಲಿ ಅದು ಹೌರಾ ಬ್ರಿಡ್ಜ್, ಕೋಲ್ಕತ್ತದ ಸೇತುವೆಯ ಹೆಸರು. ಅಲ್ಲಿಗೆ ದಾರಿ ಹವಳದ ಬಂಡೆಯ ಮೇಲೆ, ಅದೂ ನೀರು ಇಳಿದಾಗ ಮಾತ್ರ. ಚಂದ್ರನ ಸೆಳೆತದ ಈ ಇಳಿತ ದಿನಕ್ಕೆ ಎರಡು ಸಲ, ಮರುದಿನ ಸುಮಾರು 50 ನಿಮಿಷ ತಡ. ಹಾಗಾಗಿ ಹೋದ ವಾರ ಹೋಗಿ ಬಂದ ಪಕ್ಕದ ಮನೆಯವರು "ಹತ್ತಕ್ಕೆ ಹೋಗಿ, ಸೂಪರಾಗಿರುತ್ತೆ" ಅಂದರೆ ಅದು ಅವರ ಹತ್ತು, ನಿಮ್ಮದಲ್ಲ. ಹೋಟೆಲಿನವರನ್ನು ಹಿಂದಿನ ರಾತ್ರಿಯೇ ವಿಚಾರಿಸಿ, ನೀರು ತೀರ ಕೆಳಗಿಳಿಯುವ ಹೊತ್ತಿಗೆ ಒಂದು ಗಂಟೆ ಮುಂಚೆ ಅಲ್ಲಿರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ. ಅಷ್ಟೇ ಜೋರಾಗಿ ವಾಪಸ್ಸೂ ಬರುತ್ತದೆ. ಗೋಡೆಯ ಪಂಚಾಂಗದ ಕ್ಯಾಲೆಂಡರು ರಾಹುಕಾಲ ನೋಡುವುದಕ್ಕಲ್ಲದೆ ಬೇರೆ ಕೆಲಸಕ್ಕೂ ಬರುವ ಜಾಗ ಇದು.

ಹವಾಯಿ ಚಪ್ಪಲಿ ಬೇಡ. ಪಾಚಿ ಹಿಡಿದ ಬಚ್ಚಲಲ್ಲಿ ಓಡಿದ ಹಾಗಾಗುತ್ತದೆ. ಬಚ್ಚಲಲ್ಲಿ ಬಿದ್ದರೆ ಕಾಲು ಊದಿಕೊಳ್ಳುತ್ತದೆ, ಹವಳದ ಕಲ್ಲು ತುರಿಮಣೆಯಂತೆ ಚರ್ಮ ತುರಿಯುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಸಾಕು. ಹೊಂಡಗಳಲ್ಲಿ ಸುಟ್ಟ ಬದನೆಕಾಯಿಯಂತೆ ಕಪ್ಪಗೆ ಬಿದ್ದಿರುವುದು ಕಡಲಸೌತೆ, ಜೀವವಿರುವ ಪ್ರಾಣಿ. ಮಕ್ಕಳು ಹಿಸುಕಿದರೆ ಕೆಲವು ಜಾತಿಯವು ಹಿಂಬದಿಯಿಂದ ಬಿಳಿ ಶ್ಯಾವಿಗೆಯಂಥ ಅಂಟುನೂಲು ಬಿಡುತ್ತವೆ. ಬೆರಳಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಮುಟ್ಟದಿರುವುದೇ ಮೇಲು.

ಭರತಪುರ ಬೀಚಿನಲ್ಲಿ ಮೀನು ನೋಡಲು ಮುಖಕ್ಕೆ ಮಾಸ್ಕ್ ಕೊಡುತ್ತಾರೆ. ನೀರು ನುಗ್ಗಿದರೆ ಎಲ್ಲರೂ ಬೈಯುವುದು ಮಾಸ್ಕನ್ನು. ತಪ್ಪು ಹೆಚ್ಚಾಗಿ ಮೀಸೆಯದು. ರಬ್ಬರಿನ ಅಂಚು ಚರ್ಮಕ್ಕೆ ಕೂರಬೇಕು, ಮೀಸೆಯ ಕೂದಲ ಸಂದಿ ಸಿಕ್ಕರೆ ನೀರಿಗೆ ಅದೇ ಬಾಗಿಲು. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದುಕೊಳ್ಳಿ, ಕೈ ಬಿಟ್ಟರೂ ಅಂಟಿ ನಿಂತರೆ ಅದು ನಿಮ್ಮ ಅಳತೆ. ಪಟ್ಟಿ ಬಿಗಿದಷ್ಟೂ ಅಂಚು ಸೊಟ್ಟಗಾಗಿ ಸೋರಿಕೆ ಹೆಚ್ಚೇ ಹೊರತು ಕಡಿಮೆಯಲ್ಲ. ಗಾಜು ಮಂಜಾದರೆ ಒಳಗೆ ಉಗುಳಿ ಸವರಿ ತೊಳೆಯುವುದು ಕಡಲಲ್ಲಿ ಮುಳುಗು ಹಾಕುವವರ ಹಳೇ ಪದ್ಧತಿ. ಬಾಡಿಗೆ ಮಾಸ್ಕ್ ಹಾಕುವ ಮುಂಚೆ ಹಿಂದಿನವರೂ ಇದನ್ನೇ ಮಾಡಿರುತ್ತಾರೆ ಅನ್ನುವುದನ್ನು ಮಾತ್ರ ಯೋಚಿಸಬಾರದು.

ಕೊನೆಗೆ ಚಿಪ್ಪಿನ ವಿಷಯ. ಷೋಕೇಸಿಗೆಂದು ಹವಳದ ತುಂಡು ಬ್ಯಾಗಿಗೆ ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ವಿಮಾನ ನಿಲ್ದಾಣದ ಸ್ಕ್ಯಾನರ್ ಮುಂದೆ ಚಟ್ನಿಪುಡಿ ಡಬ್ಬದ ಅಡಿಯಿಂದ ಅದನ್ನು ಹೊರತೆಗೆಯುವ ದೃಶ್ಯ ಮಕ್ಕಳು ಮರೆಯುವುದಿಲ್ಲ. ಖಾಲಿ ಶಂಖ ಅಂತ ಎತ್ತಿಕೊಂಡದ್ದರಲ್ಲಿ ಎಷ್ಟೋ ಸಲ ಸನ್ಯಾಸಿ ಏಡಿ ಸಂಸಾರ ಹೂಡಿರುತ್ತದೆ. ಸ್ವಂತ ಚಿಪ್ಪಿಲ್ಲದ ಪ್ರಾಣಿ. ಮೈ ಬೆಳೆದ ಹಾಗೆ ದೊಡ್ಡ ಮನೆಗೆ ಬದಲಾಗುತ್ತಲೇ ಇರಬೇಕು, ಸಿಗದಿದ್ದರೆ ಪ್ಲಾಸ್ಟಿಕ್ ಮುಚ್ಚಳ ಹೊತ್ತು ತಿರುಗುವುದೂ ಉಂಟು. ಟೇಬಲ್ಲಿನ ಮೇಲಿಟ್ಟು ಮಲಗಿದ ಶಂಖ ಬೆಳಗ್ಗೆ ಬಚ್ಚಲ ಬಾಗಿಲ ಹತ್ತಿರ ಸಿಕ್ಕಿದರೆ ದೆವ್ವದ ಕಾಟವೆಂದು ರೂಮ್ ಬದಲಿಸಬೇಡಿ. ಎತ್ತಿ ತಂದ ಜಾಗದಲ್ಲೇ ಬಿಟ್ಟು ಬನ್ನಿ, ತಿಂಡಿಗೆ ಮುಂಚೆ.