ಸತ್ಯಾಂಶ: ನೂರಕ್ಕೆ ಹತ್ತು ಜನರನ್ನು ಕೇಳದಿದ್ದರೆ ಸಮೀಕ್ಷೆ ಸುಳ್ಳೇ?

‘ಒಟ್ಟು ಜನರಲ್ಲಿ ಶೇ. 10ರಷ್ಟು ಮಂದಿಯನ್ನಾದರೂ ಕೇಳದ ಸಮೀಕ್ಷೆ ನಂಬಬೇಡಿ’ ಎಂಬ ವಾಟ್ಸಾಪ್ ಸಂದೇಶ ತಪ್ಪು. ಅಂಥ ನಿಯಮವೇ ಇಲ್ಲ.

ಹೌದು–ಇಲ್ಲ ಪ್ರಶ್ನೆಗೆ, ಶೇ. 95 ವಿಶ್ವಾಸಮಟ್ಟದಲ್ಲಿ (ಇಂಥದೇ ಸಮೀಕ್ಷೆ ನೂರು ಸಲ ಮಾಡಿದರೆ ಸುಮಾರು 95 ಸಲ ಫಲಿತಾಂಶ ಮಿತಿಯೊಳಗೆ ಇರುವಂತೆ), ಫಲಿತಾಂಶ ಶೇಕಡಾ 5 ಅಂಶ ಆಚೀಚೆ ಆಗಬಹುದು ಎಂದಿಟ್ಟುಕೊಂಡರೆ, 200 ಜನರಿಗೆ 132, ಸಾವಿರಕ್ಕೆ 278, ಲಕ್ಷಕ್ಕೆ 383 ಮಂದಿ ಬೇಕು. ಹತ್ತು ಲಕ್ಷವಾದರೂ 385 ದಾಟದು. ಶೇ. 10 ಲೆಕ್ಕ ಹಿಡಿದರೆ 200ಕ್ಕೆ ಬರೀ 20 ಮಂದಿ. ಆಗ ಫಲಿತಾಂಶ 21 ಅಂಶದಷ್ಟು ಆಚೀಚೆ ಆಗುತ್ತದೆ.

ನಿಜವಾಗಿ ಕೆಡುವುದು ಆಯ್ಕೆಯಲ್ಲಿ. ಮಂಡ್ಯದ ಸಾವಿರ ಕಬ್ಬು ಬೆಳೆಗಾರರಿಗೆ ನೀರು ಸಾಕಾಯಿತೇ ಎಂದು ತಿಳಿಯಬೇಕೆನ್ನಿ. ಆಲೆಮನೆ ಮುಂದೆ ನಿಂತು ಸಿಕ್ಕವರನ್ನು ಕೇಳಿದರೆ ಕಾರ್ಖಾನೆಗೆ ಕಬ್ಬು ಸಾಗಿಸುವವರು ಬಿಟ್ಟುಹೋಗುತ್ತಾರೆ. ನಾಲೆಯ ತಲೆಭಾಗದವರ ಉತ್ತರವೇ ಬೇರೆ, ಕೊನೆಭಾಗದವರದೇ ಬೇರೆ. ಹಾಗಾಗಿ ಪಟ್ಟಿಯನ್ನು ಎರಡು ಮಾಡಿ. ತಲೆಭಾಗದಲ್ಲಿ 600, ಕೊನೆಯಲ್ಲಿ 400 ಮಂದಿ ಇದ್ದರೆ ಕ್ರಮವಾಗಿ 167 ಮತ್ತು 111 ಹೆಸರುಗಳನ್ನು ಚೀಟಿ ಎತ್ತಿ ಆರಿಸಿ. ಐದರಲ್ಲೊಬ್ಬರು ಸಿಗಲಾರರು ಅನ್ನಿಸಿದರೆ ಮೊದಲೇ 348 ಹೆಸರು ತೆಗೆಯಿರಿ.

ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗುವುದು ಎಲ್ಲರೂ ಮಾಡುವ ದೊಡ್ಡ ತಪ್ಪು. ಹಾಗೆ ಮಾಡಿದರೆ ಹಗಲು ಮನೆಯಲ್ಲಿರುವವರ ಮಾತಷ್ಟೇ ಲೆಕ್ಕಕ್ಕೆ ಬರುತ್ತದೆ, ಗದ್ದೆಗೆ ಹೋದವರದು ಬರುವುದಿಲ್ಲ. ಸಂಜೆ ಮತ್ತೆ ಹೋಗಿ.

ಆಯ್ಕೆ ಕೆಟ್ಟರೆ ಎಷ್ಟು ಜನರನ್ನು ಕೇಳಿದರೂ ಸಾಲದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್.