ಐದು ಮನೆಯ ಗುಂಯ್

ನಾನು ಬಾಯಿ ತೆರೆಯುವ ಮೊದಲೇ ಮೈಕಿನಲ್ಲಿ ಯಾರೋ ಗುಂಯ್ ಎನ್ನುತ್ತಿದ್ದರು. ಕಣ್ಣು ಕಾಣದ ಮಕ್ಕಳಿಗಾಗಿ ಹತ್ತನೆಯ ತರಗತಿಯ ಸಮಾಜ ವಿಜ್ಞಾನವನ್ನು ಓದಿ ಧ್ವನಿಮುದ್ರಿಸಿ ಕೊಡುವ ಕೆಲಸ ಅದು. ತರಗತಿಯಲ್ಲಿ ಗದ್ದಲವಾದರೆ ಮೇಜು ಗುದ್ದುವುದು ನನ್ನ ಹಳೆಯ ಕ್ರಮ. ಈ ಗುಂಯ್‌ಗೆ ಮೇಜು ಗುದ್ದಿದರೆ ಮೇಜಿನ ಸದ್ದೂ ಸೇರಿಕೊಳ್ಳುತ್ತದೆ.

ಸಲಹೆ ಕೊಡುವವರಿಗೆ ಚಿಕ್ಕಮಗಳೂರಿನಲ್ಲಿ ಬರವಿಲ್ಲ. ಬೆಂಗಳೂರಿನ ಮಗ ಕೇಬಲ್ ಬದಲಿಸಿ ಎಂದ. ದುಬಾರಿ ಕೇಬಲ್ ಬಂತು. ಗುಂಯ್ ಅದರಲ್ಲೂ ಸರಾಗವಾಗಿ ಹರಿದು ಬಂತು. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಗೋಡೆಗೆ ಸ್ಪಂಜು ಅಂಟಿಸಿ ಎಂದ. ಸ್ಪಂಜು ತಡೆಯುವುದು ಕೋಣೆಯ ಪ್ರತಿಧ್ವನಿಯನ್ನು, ತಂತಿಯೊಳಗಿಂದ ಬರುವುದನ್ನಲ್ಲ ಎಂದರೆ, “ಆದರೂ ಹಾಕಿ ನೋಡಿ ಅಂಕಲ್” ಎನ್ನುತ್ತಾನೆ. ಈ ‘ಆದರೂ’ಗೆ ನನ್ನಲ್ಲಿ ಉತ್ತರವಿಲ್ಲ. ಮೊಬೈಲಿನಲ್ಲಿ ಅಮೆರಿಕದವನೊಬ್ಬ 60 ಹರ್ಟ್ಸ್ ಕತ್ತರಿಸಿದರೆ ಸಾಕು ಎಂದು ಆಣೆ ಇಟ್ಟು ಹೇಳುತ್ತಿದ್ದ. ಅವನ ಊರಿನ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತದೆ, ನಮ್ಮದು 50 ಸಲ. ಅಲ್ಲಿಯ ಔಷಧ ಇಲ್ಲಿಯ ರೋಗಕ್ಕೆ ಹತ್ತಲಿಲ್ಲ.

ಸಂಗೀತ ಕಲಿಯುತ್ತಿರುವ ತಂಗಿಯ ಮಗಳು ಹೆಡ್‌ಫೋನು ಏರಿಸಿಕೊಂಡು, ಕಣ್ಣು ಮುಚ್ಚಿ, “ಮಾವ, ಇದು ಐದು ಮನೆ ಶ್ರುತಿ. ಒಂದು ಎಳೆ ಏರಿದೆ, ಅಷ್ಟೇ” ಎಂದು ತೀರ್ಪು ಕೊಟ್ಟಳು. ಲೆಕ್ಕ ಹಾಕಿದರೆ ಹುಡುಗಿ ಹೇಳಿದ್ದು ಸರಿಯೇ. ಐದು ಮನೆಯ ಷಡ್ಜವನ್ನು, ಅಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆಯ ‘ಸ’ವನ್ನು, ಒಂದೊಂದು ಸ್ಥಾಯಿ ಕೆಳಗಿಳಿಸುತ್ತ ಹೋದರೆ 98 ಹರ್ಟ್ಸ್, ಆಮೇಲೆ 49. ನಮ್ಮ ಕರೆಂಟು 50, ಅದರ ದುಪ್ಪಟ್ಟು 100. ಆ ಗುಂಯ್‌ಗೆ ಸರಿಯಾಗಿ ಒಂದು ಸರಳೆ ವರಸೆಯನ್ನು ಹಾಡಿ, ಕಾಫಿ ಕುಡಿದು ಹೊರಟುಹೋದಳು.

ಮನೆಯ ಒಂದೊಂದೇ ಸ್ವಿಚ್ ಆರಿಸುತ್ತ ಬಂದೆ. ಫ್ಯಾನಿನ ರೆಗ್ಯುಲೇಟರು ಆರಿದಾಗ ಗುರ್ ಎನ್ನುವ ಒಂದು ಪದರ ಕಳಚಿತು. ಯುಪಿಎಸ್ ಆರಿಸಿದಾಗ ಇನ್ನೊಂದು. ಫ್ರಿಜ್ ಆರಿಸಿದಾಗ ಹಾಲು ಕೆಡುವ ವಿಷಯ ಬಂದು, ಆ ಪ್ರಯೋಗ ಅಲ್ಲಿಗೇ ನಿಂತಿತು. ಗುಂಯ್ ಮಾತ್ರ ಕದಲಲಿಲ್ಲ. ಆದರೆ ಮೈಕಿನ ಲೋಹದ ಮೈಯನ್ನು ಮುಟ್ಟಿದಾಗಲೆಲ್ಲ ಅದು ತಗ್ಗುತ್ತಿತ್ತು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಪೂರ್ತಿ ಮಾಯವಾಗುತ್ತಿತ್ತು. ಹಾಗಾದರೆ ಬ್ಯಾಟರಿಯಲ್ಲೇ ನಡೆಸೋಣವೆಂದರೆ, ಆ ಬ್ಯಾಟರಿಗೆ ನನ್ನಷ್ಟೇ ವಯಸ್ಸಾಗಿದೆ. ಪಾಠದಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪುವ ಮೊದಲೇ ಪ್ರಾಣ ಬಿಡುತ್ತಿತ್ತು.

ಇಲ್ಲಿ ನಮ್ಮ ಅಡುಗೆಮನೆಯ ಚಪ್ಪಲಿಯ ವಿಷಯ ಹೇಳಬೇಕು. ನಮ್ಮ ಫ್ರಿಜ್ಜಿನ ಮುಂದೆ ಸದಾ ಒಂದು ಜೊತೆ ಹವಾಯಿ ಚಪ್ಪಲಿ ಇರುತ್ತದೆ. ಬರಿಗಾಲಿನಲ್ಲಿ ಬಾಗಿಲು ಹಿಡಿದರೆ ಜುಮ್ ಎನ್ನುತ್ತದೆ. ಅದಕ್ಕೇ ಈ ಏರ್ಪಾಡು. ಹೊಸ ಚಪ್ಪಲಿ ತಂದಾಗ ಹಳೆಯದು ಫ್ರಿಜ್ಜಿಗೆ ಬಡ್ತಿ ಪಡೆಯುತ್ತದೆ. ಬಂದ ನೆಂಟರಿಗೂ “ಚಪ್ಪಲಿ ಮೆಟ್ಟಿಕೊಂಡು ಮೊಸರು ತೆಗೆಯಿರಿ” ಎಂದು ಹೇಳುತ್ತೇವೆ, ಅವರೂ ಸಹಜವಾಗಿ ಮೆಟ್ಟಿಕೊಳ್ಳುತ್ತಾರೆ. ಮಡಿಯ ಹೆಸರಿನಲ್ಲಿ ನೀರಿನ ಲೋಟವನ್ನೂ ಮುಟ್ಟಗೊಡದಿದ್ದ ನನ್ನ ಅತ್ತೆಯವರೇ ಅಡುಗೆಮನೆಗೆ ಚಪ್ಪಲಿ ಬಂದದ್ದನ್ನು ಒಪ್ಪಿಕೊಂಡಿದ್ದರು. ಯಾರೊಬ್ಬರೂ ಈ ಜುಮ್ ಏಕೆ ಎಂದು ಕೇಳಲಿಲ್ಲ. ಹಳೆಯ ಮನೆ, ಮಳೆಗಾಲ, ಗೋಡೆಯ ಥಂಡಿ ಎಂದೆಲ್ಲ ಕಾರಣಗಳು ಸಿದ್ಧವಿದ್ದವು.

ವೈರಿಂಗ್ ಕೆಲಸದವರು ಬಂದದ್ದು ಮೈಕಿಗಾಗಿ. ಮೊದಲು ಕಣ್ಣಿಗೆ ಬಿದ್ದದ್ದು ಚಪ್ಪಲಿ. “ಇದು ಏಕೆ ಮೇಷ್ಟ್ರೇ?” ಎಂದರು. ಹೇಳಿದೆ. ಅವರು ಮಾತಾಡದೆ ಬಲ್ಬಿನ ಹೋಲ್ಡರಿಗೆ ಎರಡು ತಂತಿ ಕಟ್ಟಿ ಸಾಕೆಟ್ಟಿನಲ್ಲಿ ಕರೆಂಟು ಬರುವ ಫೇಸಿಗೂ, ಸೋರಿದ್ದನ್ನು ಭೂಮಿಗಿಳಿಸುವ ಅರ್ತಿಗೂ ಹಿಡಿದರು. ಅರ್ತ್ ಸರಿಯಿದ್ದರೆ ಉರಿಯಬೇಕು. ಬಲ್ಬು ಉರಿಯಲಿಲ್ಲ. ಇನ್ನೊಂದು ಸಾಕೆಟ್ಟಿನಲ್ಲೂ ಉರಿಯಲಿಲ್ಲ. ಮನೆಯ ಮೂರು ಪಿನ್ನಿನ ಸಾಕೆಟ್ಟುಗಳಿಗೆಲ್ಲ ಮೂರನೆಯ ತೂತು ಅಲಂಕಾರಕ್ಕಿತ್ತು. ಹಿತ್ತಲಿನಲ್ಲಿ ಅರ್ತಿಂಗ್ ಪೈಪನ್ನು ಹುಡುಕಿದರೆ ಪೈಪು ಕಾಣುವುದೇ ಇಲ್ಲ; ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು ಕೂತಿದೆ. ಕಲ್ಲು ಕೂರಿಸಲು ಬಂದಿದ್ದ ಗಾರೆಯವರು ತಂತಿ ಅಡ್ಡ ಬಂತೆಂದು ಕತ್ತರಿಸಿ, ಪೈಪಿನ ತಲೆ ಬಗ್ಗಿಸಿ, ಮೇಲೆ ಸಿಮೆಂಟು ಹಾಕಿ ನುಣ್ಣಗೆ ತೇಪೆ ಹಚ್ಚಿದ್ದರು. ಗೀಸರಿನಿಂದ, ಮಿಕ್ಸಿಯಿಂದ, ಚಾರ್ಜರಿನಿಂದ ಸೋರಿದ ಕರೆಂಟು ಭೂಮಿಗಿಳಿಯಲು ದಾರಿ ಕಾಣದೆ ಒಂದಿಷ್ಟು ಫ್ರಿಜ್ಜಿನ ಬಾಗಿಲಿಗೂ ಒಂದಿಷ್ಟು ನನ್ನ ಮೈಕಿಗೂ ಹಂಚಿಹೋಗಿತ್ತು. ಆ ಗೀಸರಿನ ಕೆಳಗೆ ಒದ್ದೆ ಮೈಯಲ್ಲಿ ನಿಂತು ಮಂತ್ರ ಹೇಳುತ್ತಿದ್ದುದನ್ನು ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಗಾರೆಯವರಿಗೆ ಫೋನು ಮಾಡಿದೆ. “ತಂತಿ ಹಸಿರು ಬಣ್ಣದ್ದು ಇತ್ತು ಮೇಷ್ಟ್ರೇ, ಗಿಡಕ್ಕೆ ಕಟ್ಟಿದ್ದೀರಿ ಎಂದುಕೊಂಡೆ” ಎಂದರು. ಫೋನಿನಲ್ಲಿ ಮೇಜು ಗುದ್ದಲು ಬರುವುದಿಲ್ಲ.

ವೈರಿಂಗ್‌ನವರು ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಒಂದು ಪದರ ಉಪ್ಪು ಒಂದು ಪದರ ತುಂಬಿ ನೀರು ಹೊಯ್ದರು. ಉಪ್ಪಿನ ಮೂಟೆ ನೋಡಿ ಬೀದಿಯವರೆಲ್ಲ ಉಪ್ಪಿನಕಾಯಿ ಯಾವುದರದು ಎಂದು ವಿಚಾರಿಸಿಕೊಂಡು ಹೋದರು. ಬೇಸಿಗೆಯಲ್ಲಿ ಗುಂಡಿಗೆ ದಿನವೂ ಒಂದು ಕೊಡ ನೀರು ಹಾಕಬೇಕಂತೆ, ಮಳೆಗಾಲದಲ್ಲಿ ಆಕಾಶವೇ ನೋಡಿಕೊಳ್ಳುತ್ತದಂತೆ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆಂದು ಅವರ ಕಿವಿಗೇ ಹೆಡ್‌ಫೋನು ಕೊಟ್ಟೆ. ಗುಂಯ್ ಹೋಗಿದೆ ಎಂದು ಹೇಳಿ ತೆಗೆದಿಡುವರೆಂದುಕೊಂಡರೆ, ಕುರ್ಚಿ ಎಳೆದು ಕೂತುಬಿಟ್ಟರು. “ದೇವಸ್ಥಾನದ ಗಂಟೆ ಕೇಳುತ್ತಿದೆ” ಎಂದರು. “ಯಾರೋ ಕಾಯಿ ತುರಿಯುತ್ತಿದ್ದಾರೆ.” ಅದು ನಮ್ಮ ಮನೆಯವರೇ. “ಈಚೆ ಮನೆಯ ಬೋರ್‌ವೆಲ್ ಪಂಪಿನ ಬೇರಿಂಗ್ ಹೋಗಿದೆ” ಎಂದರು. ಕೊನೆಗೆ ಆ ಮನೆಗೇ ಹೋಗಿ ಬೇರಿಂಗ್ ಬದಲಿಸುವ ಕೆಲಸವನ್ನೂ ಹಿಡಿದುಕೊಂಡು ಬಂದರು. ನನ್ನ ಮೈಕಿಗೆ ಅವರಿಂದ ಕಮಿಷನ್ ಬರಬೇಕು.

ಗುಂಯ್ ಹೋದ ಮೇಲೆ ಅದರ ಅಡಿಯಲ್ಲಿ ಅಡಗಿದ್ದದ್ದೆಲ್ಲ ಕೇಳತೊಡಗಿದೆ. ಶನಿವಾರ ಬೆಳಗಾದರೆ ಮುಳ್ಳಯ್ಯನಗಿರಿಗೆ ಹೊರಟ ಕಾರುಗಳ ಸಾಲು. ಬೆಟ್ಟದ ಮೇಲಿನ ಮೌನ ಅನುಭವಿಸಲು ಹೊರಟವರು ದಾರಿಯುದ್ದಕ್ಕೂ ಹಾರ್ನ್ ಹೊಡೆಯಬೇಕೇಕೆ? ಈಗ ವಾರದ ನಡುವೆ, ಮಧ್ಯಾಹ್ನ ಊಟವಾಗಿ ಬೀದಿ ಮಲಗಿದ ಮೇಲೆ ಓದುತ್ತೇನೆ. ಡ ಗಾಮ ಕಲ್ಲಿಕೋಟೆ ದಾಟಿ ಮುಂದೆ ಹೋಗಿದ್ದಾನೆ.

ಪೈಪಿಗಾಗಿ ಎಬ್ಬಿಸಿದ ಒಗೆಯುವ ಕಲ್ಲು ಮಾತ್ರ ಹಿತ್ತಲಿನಲ್ಲಿ ಅಂಗಾತ ಬಿದ್ದಿದೆ. ಅದನ್ನು ಬೇರೆ ಕಡೆ ಕೂರಿಸಿಕೊಡಿ ಎಂದು ಮನೆಯವರು ದಿನವೂ ನೆನಪಿಸುತ್ತಾರೆ, ನಮ್ಮ ಬೀದಿಗೆ ಬರಲೊಪ್ಪುವ ಗಾರೆಯವರೆಂದರೆ ತಂತಿ ಕತ್ತರಿಸಿದ ಅವರೊಬ್ಬರೇ. ಬರುತ್ತೇನೆಂದು ಹೇಳಿದ್ದಾರೆ. ಅವರು ಬಂದ ದಿನ ಓದುವುದನ್ನು ಬಿಟ್ಟು, ಗುಂಡಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವವನಿದ್ದೇನೆ.